ಮೆಟ್ಟಿಲ ಮೇಲೆ ಸಿಕ್ಕ ಭೂತಕಾಲ

2020ರ ಮಾರ್ಚ್ 22, ಭಾನುವಾರ. ಬೆಳಗ್ಗೆ 6 ಗಂಟೆ 24 ನಿಮಿಷಕ್ಕೆ ಜಾಗ್ರೆಬ್ ನಗರ ನಡುಗಿದಾಗ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕ್ರೊಯೇಷಿಯನ್ ವ್ಯಾಕರಣದ ನೋಟ್ ಪುಸ್ತಕವಿತ್ತು. ಹಿಂದಿನ ರಾತ್ರಿ ಅದರಲ್ಲಿ ‘ಹೇಳು’ ಎಂಬ ಒಂದೇ ಕ್ರಿಯಾಪದದ ಆರು ರೂಪಗಳನ್ನು ಮೂರು ಬಾರಿ ಬರೆದು ಮಲಗಿದ್ದೆ: ರೆಕೊಹ್, ರೆಚೆ, ರೆಚೆ, ರೆಕೊಸ್ಮೊ, ರೆಕೊಸ್ತೆ, ರೆಕೊಶೆ.

ಪತಿಯ ಕೆಲಸದ ನಿಮಿತ್ತ ನಾವು ಮೈಸೂರಿನಿಂದ ಕ್ರೊಯೇಷಿಯಾಕ್ಕೆ ಬಂದು ಆಗ ಮೂರನೆಯ ವರ್ಷ. ಅಂಗಡಿ, ಟ್ರಾಮು, ಆಸ್ಪತ್ರೆಗಳಿಗೆ ಬೇಕಾದಷ್ಟು ಭಾಷೆ ಕೈಗೆ ಬಂದಿತ್ತು. ನಡೆದುಹೋದದ್ದನ್ನೆಲ್ಲ ಹೇಳಲು ಪೆರ್ಫೆಕ್ಟ್ ಎಂಬ ಒಂದು ಕಾಲ ಸಾಕಾಗುತ್ತದೆ. ‘ದೊಶ್ಲಾ ಸಾಮ್’ ಎಂದರೆ ಬಂದೆ. ಹೇಳುವವನು ಗಂಡಸಾದರೆ ‘ದೊಶಾಒ ಸಾಮ್’. ಸಂಜೆ ತರಗತಿಯಲ್ಲಿ ಮೇಲಿನ ಹಂತಕ್ಕೆ ಹೋದ ಮೇಲೆ ಉಳಿದ ಭೂತಕಾಲಗಳು ಒಂದೊಂದಾಗಿ ಎದುರಾದವು: ಒಂದೇ ಏಟಿಗೆ ನಡೆದು ಮುಗಿದದ್ದಕ್ಕೆ ಅಓರಿಸ್ಟ್ (ನೋಟ್ ಪುಸ್ತಕದ ಆ ಆರು ರೂಪಗಳು ಇದರವೇ), ನಡೆಯುತ್ತಿದ್ದದ್ದಕ್ಕೆ ಇಂಪರ್‌ಫೆಕ್ಟ್, ಅದಕ್ಕೂ ಮೊದಲೇ ಆಗಿಹೋಗಿದ್ದಕ್ಕೆ ಪ್ಲುಸ್ಕ್ವಾಂಪರ್‌ಫೆಕ್ಟ್. ಜೊತೆಗೆ ‘ಎರಡನೆಯ ಭವಿಷ್ಯತ್ತು’ ಎಂಬ ಅರ್ಥದ ಫುತುರ್ ದ್ರುಗಿ. ನಮ್ಮ ಪ್ರೊಫೆಸೊರಿತ್ಸಾ, ಅಂದರೆ ಅಧ್ಯಾಪಕಿ, ಜಾಗ್ರೆಬ್‌ನಲ್ಲೇ ಹುಟ್ಟಿ ಬೆಳೆದವರು. ಈ ಭಾಗದ ಕಾಯ್ಕಾವಿಯನ್ ಉಪಭಾಷೆ ಅಓರಿಸ್ಟನ್ನೂ ಇಂಪರ್‌ಫೆಕ್ಟನ್ನೂ ಎಂದೋ ಕಳೆದುಕೊಂಡಿದೆ. “ಓದುವಾಗ ಗುರುತು ಹಿಡಿದರೆ ಸಾಕು, ನೀವು ಮಾತಿನಲ್ಲಿ ಬಳಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೀಗೆ ಮಾತನಾಡುತ್ತಿರಲಿಲ್ಲ” ಎಂದಿದ್ದರು. ಸೀಸರನ ‘ಬಂದೆ, ನೋಡಿದೆ, ಗೆದ್ದೆ’ ಎಂಬ ಮಾತು ಕ್ರೊಯೇಷಿಯನ್ ಅಓರಿಸ್ಟಿನಲ್ಲಿ ‘ದೊಜೊಹ್, ವಿದ್ಯೆಹ್, ಪೊಬಿಯೆದಿಹ್’ ಆಗುತ್ತದೆ. ಅದೊಂದೇ ಉದಾಹರಣೆ ನನ್ನ ನೆನಪಿನಲ್ಲಿ ನಿಂತಿತ್ತು. ಸೀಸರನ ಜೊತೆಗೇ ಸತ್ತುಹೋದ ಕಾಲ ಎಂದುಕೊಂಡು ಪರೀಕ್ಷೆಗಾಗಿ ಉರು ಹೊಡೆಯುತ್ತಿದ್ದೆ.

ಮೊದಲು ಬಂದದ್ದು ಸದ್ದು. ನೆಲದೊಳಗಿನಿಂದ ಲಾರಿಯೊಂದು ಹಾದುಹೋದಂತೆ. ನಮ್ಮದು ನಗರದ ಹಳೆಯ ಭಾಗದಲ್ಲಿ, ಆಸ್ಟ್ರಿಯಾ-ಹಂಗೇರಿಯ ಆಳ್ವಿಕೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆಯ ಕಟ್ಟಡ. ಅಲಮಾರಿಯ ಬಾಗಿಲುಗಳು ತಾವಾಗಿ ತೆರೆದುಕೊಂಡವು. ತಲೆಯ ಮೇಲಿಂದ ಗಾರೆ ಪುಡಿಪುಡಿಯಾಗಿ ಉದುರಿತು. ಪತಿ ನನ್ನ ಕೈ ಹಿಡಿದು ಎಳೆದರು. ಬರಿಗಾಲಲ್ಲಿ ಮೆಟ್ಟಿಲ ಬಳಿಗೆ ಬಂದರೆ ಕತ್ತಲೆ. ಕೆಳಗಿನ ಮಹಡಿಯಿಂದ ಅಜ್ಜಿಯ ಧ್ವನಿ: “ನೆಸ್ತಾದೆ ಸ್ತ್ರುಯೆ!”

ಕರೆಂಟು ಹೋಯಿತು ಎಂದು ಅರ್ಥ. ಅಷ್ಟು ಭಯದಲ್ಲೂ ತಲೆಯ ಯಾವುದೋ ಮೂಲೆ ಆ ಮಾತನ್ನು ಹಿಡಿದಿಟ್ಟುಕೊಂಡಿತು. ನೆಸ್ತಾದೆ. ನನ್ನ ನೋಟ್ ಪುಸ್ತಕದ ‘ರೆಚೆ’ಯಲ್ಲಿದ್ದ ‘ಎ’ಕಾರದ ಅಂತ್ಯ ಅದು, ಅಓರಿಸ್ಟಿನದು.

ಈ ಅಜ್ಜಿಯನ್ನು ನಾನು ಕರೆಯುತ್ತಿದ್ದದ್ದು ‘ಸುಸ್ಯೆದಾ’ ಎಂದೇ. ನೆರೆಯವಳು ಎಂದು ಅರ್ಥ. ಅಲ್ಲಿ ಎಲ್ಲರೂ ನೆರೆಯವರನ್ನು ಹಾಗೆಯೇ ಕರೆಯುತ್ತಾರೆ. ಅವರ ಊರು ದಕ್ಷಿಣದ ಡಾಲ್ಮೇಷಿಯಾದ ಒಳನಾಡಿನಲ್ಲಿ. ಸವಾರರು ಕುದುರೆ ಓಡಿಸುತ್ತಲೇ ಈಟಿಯಿಂದ ಕಬ್ಬಿಣದ ಬಳೆಯನ್ನು ಚುಚ್ಚುವ ಆಲ್ಕಾ ಪಂದ್ಯಕ್ಕೆ ಹೆಸರಾದ ಸೀನ್ಯ್ ಪಟ್ಟಣದ ಮೇಲಿನ ಹಳ್ಳಿ. ಮದುವೆಯಾಗಿ ಜಾಗ್ರೆಬ್‌ಗೆ ಬಂದು ಐವತ್ತು ವರ್ಷವಾದರೂ ಮಾತು ಮಾತ್ರ ಹಳ್ಳಿಯದೇ. ನನ್ನನ್ನು ‘ದಿತೆ ಮೊಯೆ’, ನನ್ನ ಮಗುವೇ, ಎನ್ನುತ್ತಿದ್ದರು. ಸಂಜೆ ಮೆಟ್ಟಿಲ ಮೇಲೆ ನಿಂತು ಮಾತು ಮುಗಿಸುವಾಗ ‘ಒದೊ ಯಾ’ ಎನ್ನುವುದು ಅವರ ರೂಢಿ. ‘ಸರಿ ಹಾಗಾದರೆ’ ಎಂಬಂಥದ್ದೇನೋ ಇರಬೇಕೆಂದು ಎರಡು ವರ್ಷದಿಂದ ಅಂದುಕೊಂಡಿದ್ದೆ.

ಅಂಗಳದಲ್ಲಿ ಎಲ್ಲರೂ ಕಂಬಳಿ ಹೊದ್ದು ನಿಂತಿದ್ದೆವು. ಹಿಮ ಬೀಳುತ್ತಿತ್ತು. ಕೊರೊನಾ ಶುರುವಾಗಿದ್ದ ದಿನಗಳು, ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುವಂತಿರಲಿಲ್ಲ. ಚಳಿಯಲ್ಲೂ ಭಯದಲ್ಲೂ ಜನ ಎರಡೆರಡು ಮೀಟರ್ ದೂರ ನಿಂತಿದ್ದರು. ನಮ್ಮ ಚಾವಣಿಯ ಹೊಗೆಗೂಡು ಮುರಿದು ಅಂಗಳದ ನಡುವೆ ಬಿದ್ದಿತ್ತು. ಏಳು ಗಂಟೆಯ ಹೊತ್ತಿಗೆ ಇನ್ನೊಮ್ಮೆ ಬಲವಾಗಿ ನಡುಗಿತು. ಸುಸ್ಯೆದಾ ಊರಿನ ತಂಗಿಗೆ ಫೋನ್ ಹಚ್ಚಿದ್ದರು. ನನಗೆ ಮೂರು ಹೆಜ್ಜೆ ದೂರದಲ್ಲಿದ್ದುದರಿಂದ ಪ್ರತಿ ಮಾತೂ ಕೇಳಿಸುತ್ತಿತ್ತು.

“ತಾಮಾನ್ ಸಾಮ್ ಬಿಲಾ ಜಾಸ್ಪಾಲಾ, ಕಾದ್ ಜಾತ್ರೆಸೆ. ಯಾ ಸ್ಕೊಚಿ. ಪಾದೆ ಸ್ಲಿಕಾ, ಒಸ್ತಾದೆ ಚಾವಾಒ. ಪುಚೆ ಜಿದ್.” ಆಗಷ್ಟೇ ನಿದ್ದೆ ಹತ್ತಿತ್ತು, ನಡುಗಿತು. ನಾನು ನೆಗೆದೆ. ಚಿತ್ರಪಟ ಬಿತ್ತು, ಮೊಳೆ ಉಳಿಯಿತು. ಗೋಡೆ ಬಿರಿಯಿತು.

‘ಸ್ಕೊಚಿ’ಯ ಬಳಿ ನಾನು ತಡವರಿಸಿದೆ. ಪುಸ್ತಕದ ಪ್ರಕಾರ ‘ನಾನು ನೆಗೆದೆ’ ಎನ್ನಲು ‘ಸ್ಕೊಚಿಹ್’ ಎನ್ನಬೇಕು. ‘ಸ್ಕೊಚಿ’ ಎಂದರೆ ನೀನು ನೆಗೆದೆ, ಇಲ್ಲವೇ ಅವನು ನೆಗೆದನು. ಆದರೆ ಮೊದಲಲ್ಲೇ ‘ಯಾ’, ಅಂದರೆ ನಾನು, ಎಂದಿದ್ದಾರಲ್ಲ? ಆಗ ಹೊಳೆಯಿತು: ಇವರು ಹಕಾರವನ್ನು ನುಂಗುತ್ತಿದ್ದಾರೆ. ಮಂಡ್ಯದ ಕಡೆಯ ನನ್ನ ಅಜ್ಜಿ ‘ಹೋಗು’ವನ್ನು ‘ಓಗು’ ಎನ್ನುತ್ತಿದ್ದ ಹಾಗೆ. ಇನ್ನು ಒಂದೇ ರೂಪ ಇಬ್ಬರಿಗೆ ಸಲ್ಲುವುದು ನಮ್ಮಲ್ಲಿಲ್ಲವೇ? ನಾನು ನೆಗೆದೆ, ನೀನು ನೆಗೆದೆ. ಕನ್ನಡದವರಾರೂ ಇದರಿಂದ ಗಲಿಬಿಲಿಗೊಂಡದ್ದನ್ನು ನಾನು ಕಂಡಿಲ್ಲ.

ಹಕಾರ ಸಿಕ್ಕಿದ್ದೇ ತಡ, ಎರಡು ವರ್ಷದ ‘ಒದೊ ಯಾ’ ಕೂಡ ಬಿಡಿಸಿಕೊಂಡಿತು. ಒದೊಹ್ ಯಾ. ಹೋದೆ ನಾನು. ಅಓರಿಸ್ಟ್! ‘ಹೋದರು’ ಎನ್ನುವುದಾದರೆ ‘ಒದೆ’. ದಿನವೂ ಸಂಜೆ, ಇನ್ನೂ ಹೊರಡುವ ಮೊದಲೇ, ಅವರು ‘ಹೋದೆ’ ಎನ್ನುತ್ತಿದ್ದರು. ಇದೆಂಥ ಭೂತಕಾಲ ಎಂದು ಕೇಳಲು ನನಗೆ ಬಾಯಿಯೇ ಇಲ್ಲ. ಅಮ್ಮ ಅಡುಗೆಮನೆಯಿಂದ ಕೂಗಿದರೆ ಕುರ್ಚಿಯಿಂದ ಏಳದೆಯೇ ‘ಬಂದೆ, ಬಂದೆ’ ಎಂದು ಬೆಳೆದವಳು ನಾನು. ಜಿರಳೆ ಕಂಡರೆ ‘ಸತ್ತೆ!’ ಎಂದು ಚೀರಿದವಳು. ಆ ‘ಬಂದೆ’ಯಲ್ಲಿ ಬರುವುದು ಆಗಲೇ ತೀರ್ಮಾನವಾಗಿಹೋಗಿದೆ, ಕಾಲುಗಳು ಮಾತ್ರ ಹಿಂದಿವೆ. ಅಓರಿಸ್ಟಿಗೂ ಅದೇ ಗುಣ. ಸಹಾಯಕ್ಕೆ ಇನ್ನೊಂದು ಪದ ಬೇಡ, ಹೇಳುವವರು ಹೆಣ್ಣೋ ಗಂಡೋ ಎಂಬ ಗುರುತೂ ಬೇಡ; ಒಂದೇ ಪದ, ಒಂದೇ ಏಟು. ಎಷ್ಟೋ ತಿಂಗಳಿಂದ ಕೋಷ್ಟಕದಲ್ಲಿ ಕಂಠಪಾಠ ಮಾಡಿದ್ದು ಆ ಹಿಮದಲ್ಲಿ, ಬರಿಗಾಲಲ್ಲಿ ನಿಂತಾಗ ನನ್ನದಾಯಿತು.

ಸ್ವಲ್ಪ ಹೊತ್ತಿಗೆ ಅಮ್ಮನ ಕರೆ ಬಂತು. ಅಂದು ಭಾರತದಲ್ಲಿ ಜನತಾ ಕರ್ಫ್ಯೂ. ಎಲ್ಲರೂ ಮನೆಯಲ್ಲೇ ಟಿವಿಯ ಮುಂದೆ.

“ಅಲ್ಲಿ ಭೂಕಂಪ ಆಯಿತಂತೆ, ಹೌದೇನಮ್ಮ? ದೊಡ್ಡ ಚರ್ಚಿನ ಗೋಪುರ ಬಿತ್ತಂತೆ?”

“ಹೌದಮ್ಮ, ನಮ್ಮ ಹೊಗೆಗೂಡೂ ಬಿತ್ತು. ಗೋಪುರದ ತುದಿ ಬಿತ್ತಂತೆ, ನಾನು ನೋಡಲಿಲ್ಲ.”

ಅದೇ ವೇಳೆಗೆ ಪಕ್ಕದಲ್ಲಿ ಸುಸ್ಯೆದಾ ತಂಗಿಗೆ ಹೇಳುತ್ತಿದ್ದರು: “ಪಾದೆ ದಿಮ್ನ್ಯಾಕ್,” ಹೊಗೆಗೂಡು ಬಿತ್ತು. ಮರುಕ್ಷಣವೇ, “ಕಾಜು ದಾ ಯೆ ಪಾಒ ತೊರಾನ್ಯ್.” ಗೋಪುರ ಬಿದ್ದಿದೆ ಎನ್ನುತ್ತಾರೆ. ಕಣ್ಣೆದುರು ಬಿದ್ದ ಹೊಗೆಗೂಡಿಗೆ ಅಓರಿಸ್ಟ್, ಕೇಳಿ ತಿಳಿದ ಗೋಪುರಕ್ಕೆ ಪೆರ್ಫೆಕ್ಟ್. ನಾವು ‘ಅಂತೆ’ ಸೇರಿಸಿ ಮಾಡುವ ಕೆಲಸವನ್ನು ಅವರು ಕಾಲವನ್ನೇ ಬದಲಿಸಿ ಮಾಡಿದ್ದರು. ಇದನ್ನು ನಿಯಮವೆನ್ನಲಾರೆ, ಯಾರೂ ಕಾಣದ ರಾಜಕುಮಾರರ ಕಥೆಗಳೂ ಅಓರಿಸ್ಟಿನಲ್ಲೇ ಸಾಗುತ್ತವೆ. ಆದರೆ ಹೇಳುವವರು ಅನುಭವಿಸಿದ್ದರ ಬಿಸಿ ಈ ರೂಪದಲ್ಲಿದೆ ಎಂದು ಅಲ್ಲಿನ ವ್ಯಾಕರಣಗಳೂ ಹೇಳುತ್ತವೆ. ಹೈಸ್ಕೂಲಿನಲ್ಲಿ ನಾನು ಸಂಸ್ಕೃತ ತೆಗೆದುಕೊಂಡಿದ್ದೆ. ಪಾಣಿನಿ ಭೂತಕಾಲವನ್ನು ಮೂರಾಗಿ ಹಂಚಿದ್ದಾನೆ: ಇಂದಿನದಲ್ಲದ್ದಕ್ಕೆ ಲಙ್, ಹೇಳುವವನು ಕಾಣದ್ದಕ್ಕೆ ಲಿಟ್, ಸಾಮಾನ್ಯ ಭೂತಕ್ಕೆ ಲುಙ್. ಯುರೋಪಿನವರು ಅಓರಿಸ್ಟ್ ಎನ್ನುವುದು ಈ ಲುಙ್ಙನ್ನೇ. ನಮ್ಮ ಮೇಷ್ಟರು ಲುಙ್ ಪಾಠವನ್ನು ‘ಪರೀಕ್ಷೆಗಿಲ್ಲ’ ಎಂದು ಬಿಟ್ಟಿದ್ದರು.

ಮಧ್ಯಾಹ್ನ ಸುದ್ದಿ ತಿಳಿಯುತ್ತ ಹೋಯಿತು. ತೀವ್ರತೆ 5.5, ಜಾಗ್ರೆಬ್ ನಗರ 1880ರ ನಂತರ ಕಂಡ ಅತಿ ದೊಡ್ಡ ಕಂಪನ. ಹದಿನೈದು ವರ್ಷದ ಒಬ್ಬ ಹುಡುಗಿ ತೀವ್ರವಾಗಿ ಗಾಯಗೊಂಡಿದ್ದಳು, ಆಮೇಲೆ ಅವಳ ಪ್ರಾಣ ಹೋಯಿತು. ಹೆರಿಗೆ ಆಸ್ಪತ್ರೆಯಿಂದ ತಾಯಂದಿರನ್ನು ಕೂಸುಗಳ ಸಮೇತ ಚಳಿಯಲ್ಲೇ ಹೊರಗೆ ಕರೆತಂದಿದ್ದರು. ಅಮ್ಮ ಮತ್ತೆ ಕರೆ ಮಾಡಿದಾಗ ಅಲ್ಲಿ ಸಂಜೆ ಐದು ಗಂಟೆ; ಫೋನಿನೊಳಗಿಂದ ಇಡೀ ಬೀದಿಯ ತಟ್ಟೆ, ಜಾಗಟೆಗಳ ಸದ್ದು.

ರಾತ್ರಿ ಮನೆಯೊಳಗೆ ಮಲಗಲು ಧೈರ್ಯ ಸಾಲದೆ ಬಟ್ಟೆ, ಬೂಟು ಹಾಕಿಕೊಂಡೇ ಒರಗಿದ್ದೆವು. ಸುಸ್ಯೆದಾ ಬಾಗಿಲಿಗೆ ಬಂದು ಹೇಳಿದರು: “ಅಕೊ ಒಪೆತ್ ಬುದೆ ತ್ರೆಸ್ಲೊ, ದೊಜಿ ಕ್ ಮೆನಿ.” ಮತ್ತೆ ನಡುಗಿದರೆ ನನ್ನ ಬಳಿ ಬಾ. ಇದೇ ಫುತುರ್ ದ್ರುಗಿ. ಮುಂದೆ ಆಗಬಹುದಾದ ಮಾತು, ಆದರೆ ‘ತ್ರೆಸ್ಲೊ’ ಎಂಬುದು ಭೂತಕಾಲಕ್ಕೆ ಬಳಸುವ ಕೃದಂತ. ತರಗತಿಯಲ್ಲಿ ಇದು ನನಗೆ ಬಹಳ ವಿಚಿತ್ರವಾಗಿ ಕಂಡಿತ್ತು. ಅಂದು ರಾತ್ರಿ ನನ್ನದೇ ‘ನಡುಗಿದರೆ’ಯನ್ನು ಬಿಡಿಸಿ ನೋಡಿಕೊಂಡೆ: ನಡುಗಿದ, ಅದಕ್ಕೊಂದು ‘ರೆ’. ನಾಳೆ ಮಳೆ ಬಂದರೆ, ಮುಂದಿನ ವರ್ಷ ಊರಿಗೆ ಹೋದರೆ. ನಾವೂ ನಾಳೆಯನ್ನು ನಿನ್ನೆಯ ರೂಪದಲ್ಲಿಯೇ ಊಹಿಸಿಕೊಳ್ಳುತ್ತೇವೆ.

ಆ ವಾರದ ಮನೆಗೆಲಸಕ್ಕೆ ಪ್ರೊಫೆಸೊರಿತ್ಸಾ ಕೊಟ್ಟ ವಿಷಯ ಭಾನುವಾರದ ಬೆಳಗ್ಗೆಯೇ ಆಗಿತ್ತು. ನಾನು ಇದ್ದಬದ್ದ ಕಾಲಗಳನ್ನೆಲ್ಲ ಹಾಕಿ ಬರೆದೆ. ‘ಪಾದಾಶೆ ಸ್ನಿಯೆಗ್’, ಹಿಮ ಬೀಳುತ್ತಿತ್ತು, ಎಂಬ ಇಂಪರ್‌ಫೆಕ್ಟಿನ ಪಕ್ಕದಲ್ಲಿ ಅವರು “ಸರಿಯಿದೆ, ಆದರೆ ಇದು ಈಗ ಪುಸ್ತಕದಲ್ಲಿ ಮಾತ್ರ, ‘ಪಾದಾಒ ಯೆ’ ಸಾಕು” ಎಂದು ಗುರುತು ಹಾಕಿದ್ದರು. ಚಿತ್ರಪಟ, ಮೊಳೆ, ಗೋಡೆಗಳ ಸಾಲನ್ನು ಮುಟ್ಟಿರಲಿಲ್ಲ. “ಇದನ್ನು ಯಾರಿಂದ ಕಲಿತಿರಿ?” ಎಂದಷ್ಟೇ ಬರೆದಿದ್ದರು.

ಆನ್‌ಲೈನ್ ತರಗತಿಯಲ್ಲಿ ಸುಸ್ಯೆದಾರ ಬಗ್ಗೆಯೂ ‘ಬಂದೆ’ಯ ಬಗ್ಗೆಯೂ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಜಾಗ್ರೆಬ್‌ನವರ ಬಾಯಲ್ಲೂ ಒಂದು ಅಓರಿಸ್ಟ್ ಉಳಿದಿದೆ ಎಂದರು. ‘ಯಾ ಬಿಹ್ ಯೆದ್ನು ಕಾವು’, ನನಗೊಂದು ಕಾಫಿ ಬೇಕಿತ್ತು, ಎನ್ನುವಾಗಿನ ‘ಬಿಹ್’ ಮೂಲದಲ್ಲಿ ‘ಇರು’ ಎಂಬ ಕ್ರಿಯಾಪದದ ಅಓರಿಸ್ಟೇ. ವಿನಯಕ್ಕಾಗಿ ನಾವೂ ‘ಬೇಕಿತ್ತು’ ಎಂದು ಹಿಂದಕ್ಕೆ ಸರಿಯುತ್ತೇವಲ್ಲ! ಆಮೇಲೆ ತೆರೆಯ ಮೇಲೆ ಬಾಶ್ಕಾ ಶಾಸನದ ಚಿತ್ರ ತೋರಿಸಿದರು. ಕ್ರ್ಕ್ ದ್ವೀಪದ ಪುಟ್ಟ ಚರ್ಚೊಂದರಲ್ಲಿ 1851ರಲ್ಲಿ ಕಂಡುಬಂದ, ಸುಮಾರು 1100ರ ಕಾಲದ, ಗ್ಲಾಗೊಲಿತಿಕ್ ಎಂಬ ಹಳೆಯ ಸ್ಲಾವ್ ಲಿಪಿಯ ಕಲ್ಲು. ಕ್ರೊಯೇಷಿಯಾದ ದೊರೆ ಜ್ವೊನಿಮಿರ್ ಚರ್ಚಿಗೆ ಭೂಮಿ ಕೊಟ್ಟದ್ದನ್ನು ಮಠಾಧಿಪತಿ ದ್ರ್ಜಿಹಾ ಬರೆಸಿದ್ದಾನೆ. ಕೊಟ್ಟನು ಎನ್ನಲು ಅಲ್ಲಿರುವುದು ಒಂದೇ ಒಂದು ಅಕ್ಷರ: ದಾ. ನಮ್ಮ ‘ದಾನ’ದ ದಾ. ಕೆಳಗೆ ಸಾಕ್ಷಿಗಳ ಹೆಸರುಗಳು. ನನಗೆ ಹಲ್ಮಿಡಿ ಶಾಸನದ ‘ಕೊಟ್ಟಾರ್’ ನೆನಪಾಯಿತು. ಅದೂ ದಾನದ ಮಾತೇ. ಅಂದು ಕೊಟ್ಟರು ಎಂಬ ನಿಶ್ಚಯವಾಗಿದ್ದ ರೂಪ ಇಂದು ‘ಕೊಟ್ಟಾರು’ ಎಂಬ ಅನುಮಾನಕ್ಕೆ ಉಳಿದಿದೆ. ಕಾಲಗಳಿಗೂ ವಯಸ್ಸಾಗುತ್ತದೆ.

ಎಂಜಿನಿಯರುಗಳು ಬಂದು ನಮ್ಮ ಕಟ್ಟಡಕ್ಕೆ ಹಳದಿ ಚೀಟಿ ಅಂಟಿಸಿದರು: ಸದ್ಯಕ್ಕೆ ವಾಸಕ್ಕೆ ಯೋಗ್ಯವಲ್ಲ. ನಾವು ಸ್ನೇಹಿತರೊಬ್ಬರ ಖಾಲಿ ಮನೆಗೆ ಹೋಗುವುದೆಂದಾಯಿತು. ಸುಸ್ಯೆದಾರನ್ನು ಊರಿಗೆ ಕರೆದೊಯ್ಯಲು ಮಗ ಅನುಮತಿ ಪತ್ರ ಹಿಡಿದು ಬಂದ. ಒಂದು ಸೂಟ್‌ಕೇಸು, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಆ ಚಿತ್ರಪಟ. ಗಾಜು ಒಡೆದಿತ್ತು, ಒಳಗಿನ ಮೇರಿ ಮಾತೆಗೆ ಏನೂ ಆಗಿರಲಿಲ್ಲ. ಮಾಸ್ಕಿನ ಹಿಂದಿನಿಂದ “ಒದೊ ಯಾ, ದಿತೆ ಮೊಯೆ” ಎಂದರು. ನಾನು ಅಭ್ಯಾಸಬಲದಿಂದ ಕನ್ನಡದಲ್ಲೇ “ಹೋಗಿ ಬನ್ನಿ” ಎಂದೆ, ಅರ್ಥವಾದವರಂತೆ ತಲೆಯಾಡಿಸಿದರು. ಹೋದೆ ಎಂದವರು ಇನ್ನೂ ಹತ್ತು ನಿಮಿಷ ಮೆಟ್ಟಿಲ ಮೇಲೇ ನಿಂತರು. ಕಿಟಕಿಯ ಕುಂಡಗಳಿಗೆ ಯಾರು ನೀರು ಹಾಕುತ್ತಾರೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಹೇಳುತ್ತಲೇ ಇದ್ದರು. ಕೆಳಗಿನಿಂದ ಮಗ ಎರಡು ಬಾರಿ ಹಾರ್ನ್ ಮಾಡಿದ.

ಕಾರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದೆ. ಪೆಟ್ಟಿಗೆ ಕಟ್ಟುತ್ತಿದ್ದ ಪತಿ, ಸುಸ್ಯೆದಾ ಹೊರಟರಾ ಎಂದು ಕೇಳಿದರು.

“ಒದೆ” ಎಂದೆ.