ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ

ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಟ್ರಿಮ್ಸ್ ನೋಡಿಕೊಳ್ಳುವ ಕೆಲಸ ನನ್ನದು. ಬಟ್ಟೆಯೊಂದನ್ನು ಬಿಟ್ಟು ಉಡುಪಿಗೆ ಸೇರುವುದೆಲ್ಲ ಟ್ರಿಮ್ಸ್: ಗುಂಡಿ, ಜಿಪ್, ಎಲಾಸ್ಟಿಕ್, ಲೇಬಲ್, ಲಾಡಿ, ಅಂಚಿಗೆ ಹೊಲಿಯುವ ಚಿತ್ತಾರದ ಪಟ್ಟಿ. ನಾನು ನೋಡಿ ಸಹಿ ಹಾಕದೆ ಯಾವುದೂ ಹೊಲಿಗೆಯ ಲೈನಿಗೆ ಹೋಗುವುದಿಲ್ಲ. ಒಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಮೀಟರ್ ಪಟ್ಟಿ ನನ್ನ ಕೈ ದಾಟಿ ಹೋಗಿದೆಯೋ. ಆದರೆ ಪಟ್ಟಿಯನ್ನು ಹೇಗೆ ನೇಯುತ್ತಾರೆ ಎಂದು ತಿಳಿದದ್ದು ಹೋದ ವರ್ಷ, ಅದೂ ನನ್ನ ಕೈಯಿಂದ ಒಂದು ತಪ್ಪು ನಡೆದ ಮೇಲೆ.

ಹೆಣ್ಣುಮಕ್ಕಳ ಕುರ್ತಾದ ಆರ್ಡರ್ ಅದು. ಕತ್ತಿನ ಸೀಳಿನ ಎರಡೂ ಬದಿಗೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿ, ಬಿಳಿಯ ಮೇಲೆ ಕೆಂಪು ಓರೆ ಗೆರೆ. ಪಟ್ಟಿ ಬಂದಾಗ ಅಗಲ ಅಳೆದೆ, ಒಗೆದು ಕುಗ್ಗುತ್ತದೆಯೇ ಎಂದು ನೋಡಿದೆ, ಬಿಳಿ ಬಟ್ಟೆಗೆ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿದೆ. ಎಲ್ಲ ಸರಿಯಿತ್ತು, ಸಹಿ ಹಾಕಿದೆ. ಮೊದಲ ಇಪ್ಪತ್ತು ಪೀಸ್ ಹೊಲಿದು ಹ್ಯಾಂಗರಿಗೆ ತೂಗು ಹಾಕಿದಾಗ ಎದೆ ಧಸಕ್ಕೆಂದಿತು. ನಕ್ಷೆಯಲ್ಲಿ ಗೆರೆಗಳು ಎರಡೂ ಕಡೆಯಿಂದ ಒಳಮುಖವಾಗಿ ಇಳಿದು ನಡುವೆ ಕೂಡುವಂತಿದ್ದವು. ನಮ್ಮ ಕುರ್ತಾದಲ್ಲಿ ಎರಡೂ ಬದಿಯ ಗೆರೆಗಳು ಬಲಕ್ಕೇ ವಾಲಿದ್ದವು.

"ಒಂದ್ ಕಡೆದನ್ನ ತಲೆಕೆಳಗ್ ಮಾಡಿ ಹೊಲಿದ್ರೆ ಆಯ್ತಲ್ವಾ ಅಕ್ಕ?" ಎಂದಳು ಲೈನಿನ ಹುಡುಗಿ. ನನಗೂ ಹಾಗೇ ಅನ್ನಿಸಿತ್ತು. ಪಟ್ಟಿಯ ತುಂಡನ್ನು ತಲೆಕೆಳಗು ಮಾಡಿ ಇಟ್ಟರೆ ಗೆರೆ ಮತ್ತೆ ಬಲಕ್ಕೇ! ನಂಬದವರು ಈಗಲೇ ಕಾಗದದ ಮೇಲೆ ಒಂದು ಓರೆ ಗೆರೆ ಎಳೆದು, ಕಾಗದವನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಓರೆ ಬದಲಾಗಬೇಕಾದರೆ ಪಟ್ಟಿಯನ್ನು ಮಗುಚಬೇಕು, ಮಗುಚಿದರೆ ಹಿಂಬದಿಯ ಜೋತಾಡುವ ದಾರಗಳೇ ಮೇಲೆ ಬರುತ್ತವೆ. ನಮ್ಮ ಹಿರಿಯ ಟೈಲರ್ ಮಾಸ್ಟರ್ ಬಂದು ನೋಡಿ ಒಂದೇ ಮಾತು ಹೇಳಿದರು: "ಎಡಗಾಲಿನ್ ಚಪ್ಲೀನ ಎಂಗ್ ತಿರುಗ್ಸುದ್ರೂ ಬಲಗಾಲಿಗ್ ಆಯ್ತದೇನವ್ವ?"

ಎದುರು ಓರೆಯ ಪಟ್ಟಿ ಮತ್ತೆ ನೇಯಿಸಿ ತರಿಸುವ ಹೊತ್ತಿಗೆ ಮಾಲು ಕಳಿಸುವ ದಿನ ದಾಟಿತ್ತು. ಬೈದವರಿಗೆ ಬೈಯುವ ಹಕ್ಕಿತ್ತು. ನನ್ನನ್ನು ಕಾಡಿದ್ದು ಬೈಗುಳವಲ್ಲ. ಗೆರೆ ಯಾಕೆ ಓರೆಯಾಗುತ್ತದೆ, ಅದು ಯಾವ ಕಡೆಗೆ ವಾಲಬೇಕೆಂದು ನೇಯುವವರು ಎಲ್ಲಿ ತೀರ್ಮಾನಿಸುತ್ತಾರೆ? ಇಷ್ಟು ವರ್ಷ ಪಟ್ಟಿ ನೋಡಿದವಳಿಗೆ ಅದು ಗೊತ್ತಿರಲಿಲ್ಲ.

ರಾತ್ರಿ ಮೊಬೈಲಿನಲ್ಲಿ ಹುಡುಕುತ್ತ ಹೋದಾಗ ಸಿಕ್ಕಿದ್ದು ಬಿಲ್ಲೆ ನೇಯ್ಗೆ. ದೊಡ್ಡ ಮಗ್ಗ ಬೇಡ, ನಾಲ್ಕು ಮೂಲೆಗೆ ನಾಲ್ಕು ತೂತಿರುವ ಚೌಕ ಬಿಲ್ಲೆಗಳಿದ್ದರೆ ಸಾಕು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದ ಹಡಗಿನ ಸಮಾಧಿಯಲ್ಲಿ ಇಂಥ 52 ಮರದ ಬಿಲ್ಲೆಗಳು ದಾರ ಪೋಣಿಸಿದ ಹಾಗೇ, ಅರ್ಧ ನೇಯ್ದ ಪಟ್ಟಿಯ ಸಮೇತ ಸಿಕ್ಕಿವೆ. ಆ ಸಮಾಧಿ ಕ್ರಿ.ಶ. 834ರದ್ದು. ಯಾರೋ ನೇಯುತ್ತ ನೇಯುತ್ತ ಬಿಟ್ಟ ಕೆಲಸ. ಮ್ಯಾನ್ಮಾರಿನಲ್ಲಿ ಬೌದ್ಧ ಗ್ರಂಥಗಳ ಓಲೆಗರಿ ಕಟ್ಟುಗಳನ್ನು ಸುತ್ತಲು ಇದೇ ವಿಧಾನದಲ್ಲಿ ಉದ್ದುದ್ದ ಪಟ್ಟಿ ನೇಯುತ್ತಿದ್ದರು, ದಾನಿಗಳ ಹೆಸರು, ಪದ್ಯಗಳನ್ನು ನೇಯ್ಗೆಯಲ್ಲೇ ಅಕ್ಷರವಾಗಿ ಮೂಡಿಸಿ. ಶ್ರವಣಬೆಳಗೊಳದ ಜಿಲ್ಲೆಯವಳು ನಾನು, ಓಲೆಗರಿ ಎಂದರೆ ಕಿವಿ ನೆಟ್ಟಗಾಗುತ್ತದೆ. ಅವನ್ನು ಕಟ್ಟುವ ದಾರವೂ ಓದುವಂಥದ್ದಾಗಿರಬಹುದು ಎಂದು ಎಂದೂ ಯೋಚಿಸಿರಲಿಲ್ಲ.

ಭಾನುವಾರ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದು ಆರಾರು ಸೆಂಟಿಮೀಟರಿನ 16 ಚೌಕ ಕತ್ತರಿಸಿದೆ. ಕ್ರೋಶಾ ದಾರ ತಂದೆ. ಒಂದು ಬಿಲ್ಲೆಗೆ ನಾಲ್ಕು ಎಳೆ, ಎರಡು ಕೆಂಪು ಎರಡು ಬಿಳಿ, ಒಟ್ಟು 64 ಎಳೆ. ಪಕ್ಕದ ಬಿಲ್ಲೆಯಲ್ಲಿ ಅದೇ ಬಣ್ಣಗಳು ಒಂದು ತೂತು ಸರಿದಿರಬೇಕು, ಅದರ ಪಕ್ಕದ್ದರಲ್ಲಿ ಇನ್ನೊಂದು ತೂತು. ಎಲ್ಲ ಬಿಲ್ಲೆಗೂ ದಾರ ಒಂದೇ ಮಗ್ಗುಲಿನಿಂದ ಹೊಗಬೇಕು. ಪೋಣಿಸುವುದಕ್ಕೇ ಮಧ್ಯಾಹ್ನ ಕಳೆಯಿತು. ಹಾಸಿನ, ಅಂದರೆ ಉದ್ದಕ್ಕೆ ಎಳೆದ ಈ ಎಳೆಗಳ, ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ನನ್ನ ಸೊಂಟಕ್ಕೆ. ಹಿಂದಕ್ಕೆ ವಾಲಿದರೆ ದಾರ ಬಿಗಿ, ಮುಂದೆ ಬಂದರೆ ಸಡಿಲ.

ಬಿಲ್ಲೆಗಳನ್ನೆಲ್ಲ ಇಸ್ಪೀಟಿನ ಕಟ್ಟಿನ ಹಾಗೆ ಹಿಡಿದು ಕಾಲು ಸುತ್ತು ಮುಂದಕ್ಕೆ ತಿರುಗಿಸಿದರೆ, ಮೇಲಿನ ಎರಡು ತೂತಿನ ಎಳೆಗೂ ಕೆಳಗಿನ ಎರಡರ ಎಳೆಗೂ ನಡುವೆ ಒಂದು ಸಂದು ತೆರೆಯುತ್ತದೆ. ಹೊಕ್ಕಿನ ದಾರ, ಅಂದರೆ ಅಡ್ಡ ದಾರ, ಅದರೊಳಗೆ ಹಾಯಿಸಿ, ಮರದ ಸ್ಕೇಲಿನಿಂದ ಬಡಿದು, ಮತ್ತೆ ಕಾಲು ಸುತ್ತು. ನಾಲ್ಕು ಸಲ ತಿರುಗಿಸಿದರೆ ಒಂದು ಬಿಲ್ಲೆಯ ನಾಲ್ಕೂ ಎಳೆ ಹಗ್ಗದ ಹಾಗೆ ಹುರಿಗೊಳ್ಳುತ್ತವೆ. ಅಂದರೆ ಈ ಪಟ್ಟಿ ಅಕ್ಕಪಕ್ಕ ಮಲಗಿಸಿದ ಹದಿನಾರು ಸಣ್ಣ ಹಗ್ಗಗಳ ಸಾಲು. ಅವನ್ನು ಒಂದಕ್ಕೊಂದು ಹಿಡಿದಿಡುವ ಹೊಕ್ಕು ಎರಡು ಅಂಚಿನಲ್ಲಿ ಬಿಟ್ಟರೆ ಕಣ್ಣಿಗೇ ಬೀಳುವುದಿಲ್ಲ. ಎಳೆದು ನೋಡಿದೆ, ಅದರ ಗಟ್ಟಿತನಕ್ಕೆ ಬೆರಗಾದೆ.

ಗೇಣುದ್ದ ಬರುವಷ್ಟರಲ್ಲಿ ಬಿಲ್ಲೆಗಳು ತಿರುಗಲು ಮೊಂಡಾದವು. ನೇಯ್ದ ಕಡೆ ಏನೂ ತೊಂದರೆ ಕಾಣಲಿಲ್ಲ. ತಲೆಯೆತ್ತಿ ಕಿಟಕಿಯ ಕಡೆ ನೋಡಿದರೆ, ಬಿಲ್ಲೆಗಳ ಆಚೆ ಎಳೆಗಳೆಲ್ಲ ಹುರಿಯೇರಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಇಲ್ಲಿ ಹಾಕಿದ ಪ್ರತಿ ಸುತ್ತಿಗೂ ಅಲ್ಲಿ ಎದುರು ಸುತ್ತು ಬಿದ್ದಿತ್ತು. ಅದಕ್ಕೆ ಇರುವ ಉಪಾಯ ಬಿಲ್ಲೆಗಳನ್ನು ಹಿಂದಕ್ಕೆ ತಿರುಗಿಸುತ್ತ ನೇಯುವುದು. ಹಾಗೆ ಮಾಡುತ್ತಿದ್ದಂತೆ ಆಚೆಯ ಹುರಿ ಒಂದೊಂದೇ ಬಿಚ್ಚಿಕೊಳ್ಳತೊಡಗಿತು. ಈಚೆ, ನನ್ನ ಬೆರಳ ಕೆಳಗೆ, ಬಲಕ್ಕೆ ವಾಲುತ್ತಿದ್ದ ಕೆಂಪು ಗೆರೆ ನಿಂತು, ಮೊನೆಯಾಗಿ, ಎಡಕ್ಕೆ ಹೊರಳಿತು. ಅದೇ ದಾರ, ಅದೇ ಬಿಲ್ಲೆ. ತಿರುಗಿಸುವ ದಿಕ್ಕೊಂದೇ ಬೇರೆ. ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ಅಮ್ಮ ಓಡಿ ಬಂದರು.

ಸೋಮವಾರ ಆ ಪಟ್ಟಿಯನ್ನು ಮೊನೆಯ ಹತ್ತಿರ ಎರಡಾಗಿ ಕತ್ತರಿಸಿ ಮಾಸ್ಟರ್ ಮುಂದಿಟ್ಟೆ. ಎರಡು ತುಂಡನ್ನೂ ಕುರ್ತಾದ ಸೀಳಿನ ಎರಡು ಬದಿಗೆ ಇಟ್ಟು, ಅದಲುಬದಲು ಮಾಡಿ, ಮತ್ತೆ ಮೊದಲಿನಂತೆ ಇಟ್ಟರು. "ಕಾರ್ಖಾನೆ ಮಗ್ಗದಲ್ಲಿ ಹಿಂಗೆ ಬರಲ್ಲ" ಎಂದರು. ನಿಜ, ಅಲ್ಲಿ ಹುರಿ ಇರುವುದಿಲ್ಲ, ಚಿತ್ತಾರವನ್ನು ಎಡಬಲ ಕನ್ನಡಿ ಮಾಡಿ ಮಗ್ಗಕ್ಕೆ ಕೊಡಬೇಕು. ಕೊಡಬೇಕೆಂದು ನಾವು ಕೇಳಬೇಕು. ಕೇಳಬೇಕಾದವಳು ನಾನು.

ಈಗ ಓರೆಯಿರುವ ಯಾವ ಪಟ್ಟಿ ಬಂದರೂ ಮೇಜಿನ ಮೇಲೆ ಅಳೆದು ಮುಗಿಸುವುದಿಲ್ಲ. ಪ್ಯಾಟರ್ನ್ ಕಾಗದದ ಮೇಲೆ ಎರಡೂ ಬದಿಗೆ ಪಿನ್ ಹಾಕಿ, ನಕ್ಷೆ ಪಕ್ಕದಲ್ಲಿಟ್ಟು, ನಾಲ್ಕು ಹೆಜ್ಜೆ ದೂರ ನಿಂತು ನೋಡುತ್ತೇನೆ. ಒಪ್ಪಿದ ಟ್ರಿಮ್ಸ್ ಮಾದರಿ ಹಚ್ಚಿಡುವ ಟ್ರಿಮ್ ಕಾರ್ಡಿನಲ್ಲಿ 'ಎಡ', 'ಬಲ' ಎಂದು ಎರಡು ತುಂಡು ಸ್ಟೇಪಲ್ ಮಾಡುತ್ತೇವೆ. ಎರಡು ಬಗೆ ತರಿಸಿದರೆ ಎರಡಕ್ಕೂ ಬೇರೆ ಬೇರೆಯಾಗಿ ಕನಿಷ್ಠ ಇಷ್ಟು ಮೀಟರ್ ಕೊಳ್ಳಬೇಕೆಂಬ ಲೆಕ್ಕ ಬೀಳುತ್ತದೆ, ಖರ್ಚು ಹೆಚ್ಚು ಎಂದು ಖರೀದಿಯವರು ಮೊದಲು ಒಪ್ಪಲಿಲ್ಲ. ನಾನು ಮಾತಾಡದೆ ಕತ್ತರಿಸಿದ ಆ ಎರಡು ತುಂಡನ್ನು ಅವರ ಕೈಗೆ ಕೊಟ್ಟು, ಒಂದನ್ನು ಇನ್ನೊಂದರ ಹಾಗೆ ಮಾಡಿ ತೋರಿಸಿ ಎಂದೆ. ಹತ್ತು ನಿಮಿಷ ತಿರುಗಿಸಿ ನೋಡಿದರು.

ಲೈನಿನ ಆ ಹುಡುಗಿ ಮೊನ್ನೆ ಊಟದ ಹೊತ್ತಿನಲ್ಲಿ ಹತ್ತಿರ ಬಂದಳು. ಕೈಯಲ್ಲಿ ತಂಗಿಯ ಮದುವೆಯ ಪತ್ರಿಕೆಗಳು, ಮಿಕ್ಕವು. "ಎಷ್ಟ್ ದೊಡ್ಡದ್ ಕತ್ತರಿಸ್ಬೇಕಕ್ಕ?" ಎಂದು ಕೇಳಿದಳು.