ಮಡಿಕೇರಿ ಮಳೆಯಲ್ಲಿ ನ್ಯಾನೋ ಎಳೆ: ಇಲ್ಲಿಯವರೆಗಿನ ಕೆಲಸ

ಕಕ್ಕಡ ಮಾಸದ ಮಳೆ. ಹೊರಗಿನ ಗಾಳಿಯಲ್ಲಿ ಆರ್ದ್ರತೆ ಶೇ. 95, ಮನೆಯಲ್ಲಿ ನಾನು ನ್ಯಾನೋ ಎಳೆ ತೆಗೆಯುವ ಅಕ್ರಿಲಿಕ್ ಪೆಟ್ಟಿಗೆಯೊಳಗೆ 45. ಮಳೆಗಾಲದಲ್ಲಿ ಮೊದಲ ಬಾರಿಗೆ ಫಾಯಿಲ್ ಮೇಲೆ ಗಂಟಿಲ್ಲದ ಎಳೆಗಳ ಬಿಳಿ ಹಾಳೆ ಬಂದಿದೆ. ತುಂಬಾ ಖುಷಿಯಾಗಿದೆ.

ಹೊಸಬರಿಗಾಗಿ ಎರಡು ಮಾತು. ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ ಪಾಲಿಮರ್ ದ್ರಾವಣ ತುಂಬಿದ ಸಿರಿಂಜಿನ ಸೂಜಿಗೆ 15 ಕಿಲೋವೋಲ್ಟ್ ಕೊಡುತ್ತೇನೆ. ಎದುರಿಗೆ 15 ಸೆಂ.ಮೀ. ದೂರದಲ್ಲಿ ಅರ್ತ್ ಮಾಡಿದ ಫಾಯಿಲ್. ವಿದ್ಯುತ್ತಿನ ಎಳೆತ ದ್ರವದ ಮೇಲ್ಮೈ ಸೆಳೆತವನ್ನು ಮೀರಿದಾಗ ಸೂಜಿತುದಿಯ ಹನಿ ಶಂಕುವಿನ ಆಕಾರ ತಾಳುತ್ತದೆ. ಜೆಫ್ರಿ ಟೇಲರ್ 1964ರಲ್ಲಿ ಲೆಕ್ಕಹಾಕಿ ತೋರಿಸಿದ ಶಂಕು ಇದೇ. ಅಲ್ಲಿಂದ ಚಿಮ್ಮಿದ ಎಳೆ ಚಾಟಿಯಂತೆ ಬಳುಕುತ್ತ, ನೀರು ಕಳೆದುಕೊಳ್ಳುತ್ತ, ಫಾಯಿಲ್ ಮುಟ್ಟುವಷ್ಟರಲ್ಲಿ ಕೆಲವು ನೂರು ನ್ಯಾನೋಮೀಟರಿನಷ್ಟು ಸಪೂರವಾಗುತ್ತದೆ. ನಮ್ಮ ಅಂಗಾಂಶದ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ಜೀವಕೋಶ ಬೆಳೆಸಲು ಇಂಥ ಜಾಲ ಬೇಕೆನ್ನುವುದು ಅದಕ್ಕೇ.

ಎಳೆ ಹಾರುವಾಗಲೇ ಒಣಗಬೇಕು, ಕೊಡಗಿನ ಮಳೆಗಾಲ ಅಡ್ಡಬರುವುದು ಅಲ್ಲೇ. ನಾನು ಬಳಸುವುದು ನೀರಿನಲ್ಲಿ ಕರಗಿಸಿದ ಶೇ. 10ರ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರ್), ಮನೆಯಲ್ಲಿ ಕ್ಲೋರೋಫಾರ್ಮ್‌ನಂಥ ದ್ರಾವಕ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಗಾಳಿಯಲ್ಲಿ ಒಂದಿಷ್ಟು ತೇವವಿದ್ದರೆ ಎಳೆ ನಿಧಾನಕ್ಕೆ ಒಣಗಿ ಇನ್ನೂ ತೆಳ್ಳಗಾಗುತ್ತದೆ, ಅದು ಒಳ್ಳೆಯದೇ. ಅತಿಯಾದರೆ ಮಣಿಮಣಿಯಾಗಿ, ಹಸಿ ಎಳೆಗಳು ಒಂದಕ್ಕೊಂದು ಅಂಟಿ ಪೊರೆಯಾಗುತ್ತವೆ. ಕಣದಲ್ಲಿ ಕಾಫಿ ಒಣಗುವ ಜನವರಿಯಲ್ಲಿ ಇದೇ ದ್ರಾವಣ, ಇದೇ ವೋಲ್ಟೇಜ್ ಯಾವ ತಕರಾರೂ ಮಾಡಿರಲಿಲ್ಲ. ಹಾಗಾಗಿ ಈ ಸಲ ವೋಲ್ಟೇಜ್ ಮುಟ್ಟದೆ ಗಾಳಿಯನ್ನೇ ಒಣಗಿಸಿದೆ: ಬಾಗಿಲಿಗೆ ರಬ್ಬರ್ ಪಟ್ಟಿ, ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯ ಮೂಲಕ ಗಾಳಿ ಸುತ್ತಿಸುವ ಸಣ್ಣ ಫ್ಯಾನ್. ಜೆಲ್ಲನ್ನು ಓವನ್ನಿನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ನಮ್ಮೂರಲ್ಲಿ ಕೈಹಾಕುವವರು ಪವರ್ ಸಪ್ಲೈಗಿಂತ ಮೊದಲು ಪೆಟ್ಟಿಗೆಗೆ ಖರ್ಚು ಮಾಡಿ ಎನ್ನುತ್ತೇನೆ.

ಇನ್ನೊಂದು ಮಾತು, ಕರೆಂಟ್ ಹೋದರೂ ಸೂಜಿಯಲ್ಲಿ ಚಾರ್ಜ್ ಉಳಿದಿರಬಹುದು. ಅರ್ತ್ ಕೋಲು ಮುಟ್ಟಿಸದೆ ಬಾಗಿಲು ತೆಗೆಯಬೇಡಿ.

ಮೊಬೈಲ್ ಸಿಕ್ಕಿಸಿದ ಮೈಕ್ರೋಸ್ಕೋಪಿನಲ್ಲಿ ಗಂಟುಗಳು ಕಾಣುತ್ತವೆ, ಎಳೆಯ ದಪ್ಪ ಅಳೆಯಲಾಗದು. ಬೆಳಕಿನ ಅಲೆಯುದ್ದವೇ 400ರಿಂದ 700 ನ್ಯಾನೋಮೀಟರ್. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಮೈಸೂರಿನ ಗೆಳತಿ ತನ್ನ ಲ್ಯಾಬಿನಲ್ಲಿ ನೋಡಿಕೊಡುತ್ತಾಳೆ. ಜೀವಕೋಶದ ಕೆಲಸವೂ ಅಲ್ಲೇ, ಮನೆಯಲ್ಲಲ್ಲ.

ಹಾಳೆ ಕಳಿಸುವ ಮುನ್ನ ಎರಡು ಕೆಲಸ ಬಾಕಿ. ಪಿವಿಎ ನೀರಿಗೆ ಬಿದ್ದರೆ ಕರಗುತ್ತದೆ, ಜೀವಕೋಶದ ಪೋಷಕದ್ರವದಲ್ಲಿ ಬಹುಪಾಲು ನೀರೇ. ಆದ್ದರಿಂದ ಸಿಟ್ರಿಕ್ ಆಮ್ಲ ಬೆರೆಸಿ, ಎಳೆ ತೆಗೆದ ಮೇಲೆ 140 ಡಿಗ್ರಿಯಲ್ಲಿ ಬೇಯಿಸಿ ಪಿವಿಎ ಸರಪಳಿಗಳನ್ನು ಒಂದಕ್ಕೊಂದು ಬೆಸೆದು, ಕರಗದೆ ಉಳಿಯುತ್ತದೆಯೇ ಎಂದು 37 ಡಿಗ್ರಿ ನೀರಿನಲ್ಲಿ ನೆನೆಹಾಕಿ ನೋಡಬೇಕು. ಬರಿಯ ಪಿವಿಎಗೆ ಜೀವಕೋಶ ಸರಿಯಾಗಿ ಅಂಟುವುದೂ ಇಲ್ಲ, ಜೆಲಟಿನ್ ಸೇರಿಸಬೇಕು. ಅದರಲ್ಲಿ ಜೀವಕೋಶ ಹಿಡಿದುಕೊಳ್ಳುವ ಅಮೈನೋ ಆಮ್ಲದ ಸರಣಿಗಳಿವೆ. ಜೆಲಟಿನ್ ತಣ್ಣಗಾದರೆ ಗಟ್ಟಿಯಾಗುವುದರಿಂದ ಸಿರಿಂಜನ್ನು ಬೆಚ್ಚಗಿಡುವ ಹೊದಿಕೆ ಹೊಲಿಯುತ್ತಿದ್ದೇನೆ.