ಕೆಂಪು, ಬಿಳುಪು, ಕಪ್ಪು ಮತ್ತು ಮೆಗ್ ವೈಟ್ ಡ್ರಮ್ಸ್

ವೈಟ್ ಸ್ಟ್ರೈಪ್ಸ್ ಅನ್ನೋ ರಾಕ್ ಬ್ಯಾಂಡ್ ಬಗ್ಗೆ ಮಾತು ಬಂದಾಗಲೆಲ್ಲ ಜನ ಎರಡೇ ವಿಷಯ ಎತ್ತುತ್ತಾರೆ. ಒಂದು ಅವರ ಕೆಂಪು, ಬಿಳುಪು, ಕಪ್ಪು ಬಟ್ಟೆ. ಇನ್ನೊಂದು ಅವರಿಬ್ಬರೂ ಅಕ್ಕ ತಮ್ಮನೋ ಗಂಡ ಹೆಂಡತಿಯೋ ಅನ್ನೋದು. ಎಲ್ಲಾ ಬರೀ ಪ್ರಚಾರದ ಗಿಮಿಕ್ಕು ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಇದನ್ನು ಕೇಳಿದರೆ ಬೇಜಾರಾಗುತ್ತೆ. ಯಾಕೆಂದರೆ ಆ ಬಟ್ಟೆಗೂ ಆ ಹಾಡುಗಳಿಗೂ ನಿಯಮ ಒಂದೇ. ಕಡಿಮೆ ಸಾಮಾನು ಇಟ್ಕೊಂಡು, ಅಷ್ಟರಲ್ಲೇ ಏನು ಮಾಡಬಹುದು ಅಂತ ಪೂರ್ತಿ ಹುಡುಕೋದು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಡೆಟ್ರಾಯಿಟ್ ಊರು. 1997ರಲ್ಲಿ ಶುರುವಾದ ಬ್ಯಾಂಡ್. ಇದ್ದದ್ದೇ ಇಬ್ಬರು. ಜ್ಯಾಕ್ ವೈಟ್ ಗಿಟಾರ್ ನುಡಿಸುತ್ತಿದ್ದ, ಹಾಡುತ್ತಿದ್ದ, ಆಗಾಗ ಪಿಯಾನೋ ಮುಂದೆ ಕೂರುತ್ತಿದ್ದ. ಮೆಗ್ ವೈಟ್ ಡ್ರಮ್ಸ್. ಕೆಳಗಿನ ದಪ್ಪ ಸ್ವರಗಳಿಗೆ ಬೇಸ್ ಗಿಟಾರ್ ಅಂತ ಇರುತ್ತಲ್ಲ, ಅದನ್ನು ನುಡಿಸೋಕೆ ಅಂತ ಯಾರೂ ಇರಲಿಲ್ಲ. ಜ್ಯಾಕ್ ಮೊದಲು ಸೋಫಾ ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ ಮಾಡುತ್ತಿದ್ದವನು, ಸ್ವಂತ ಅಂಗಡಿಯನ್ನೂ ಇಟ್ಟಿದ್ದ. ಅಲ್ಲೂ ಅವನದು ಮೂರೇ ಬಣ್ಣ, ಹಳದಿ ಕಪ್ಪು ಬಿಳುಪು. ಬ್ಯಾಂಡಿಗೆ ಬರುವಾಗ ಹಳದಿ ಹೋಗಿ ಕೆಂಪು ಬಂತು. ಹಾಡಿನಲ್ಲೂ ಅವನ ಲೆಕ್ಕ ಮೂರೇ: ಗಿಟಾರ್, ಡ್ರಮ್ಸ್, ದನಿ.

ಈ ಬಣ್ಣಗಳನ್ನು ನೋಡಿದರೆ ನನಗೆ ತಕ್ಷಣ ನೆನಪಾಗೋದು ನಮ್ಮ ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ. ಮದುವೆ ಮನೆಯಲ್ಲಿ ಹೆಂಗಸರು ಗೋಡೆ ಮೇಲೆ ಬರೆಯುತ್ತಾರಲ್ಲ, ಅದು. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಅಕ್ಕಿಯನ್ನೇ ಕಪ್ಪಾಗುವಷ್ಟು ಹುರಿದು ಅರೆದು ಮಾಡಿದ ಕಪ್ಪು, ಅಲ್ಲಲ್ಲಿ ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರು. ಹತ್ತಿರ ನಿಂತು ನೋಡಿ, ಹೆಚ್ಚೂ ಕಡಿಮೆ ಎಲ್ಲಾ ನೇರ ಗೆರೆಗಳೇ. ಉದ್ದ ಗೆರೆ, ಅಡ್ಡ ಗೆರೆ, ಓರೆ ಗೆರೆ, ನಡುವೆ ಸಣ್ಣ ಸಣ್ಣ ಚೌಕ. ಅಷ್ಟರಲ್ಲೇ ಹಸೆಮಣೆ, ತೆನೆ, ಏಣಿ, ಮದುಮಕ್ಕಳು ಎಲ್ಲಾ ಬಂದುಬಿಡುತ್ತೆ. ಇನ್ನೂ ನಾಲ್ಕು ಬಣ್ಣ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಅದನ್ನು ನೋಡಿದವರು ಯಾರೂ ಹೇಳಲ್ಲ.

ವೈಟ್ ಸ್ಟ್ರೈಪ್ಸ್ ಕೂಡ ಇದನ್ನು ಬೇಕೂಂತಲೇ ಮಾಡಿದವರು. 2000ದಲ್ಲಿ ಬಂದ ಅವರ ಎರಡನೇ ಆಲ್ಬಮ್ ಹೆಸರೇ ಡಿ ಸ್ಟೈಲ್. 1917ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಕಲಾ ಚಳವಳಿಯ ಹೆಸರು ಅದು. ನೇರ ಗೆರೆ, ಚೌಕ, ಕೈಬೆರಳಲ್ಲಿ ಎಣಿಸುವಷ್ಟು ಬಣ್ಣ, ಉಳಿದದ್ದು ಬೇಡ ಅಂದವರು. ಆ ಆಲ್ಬಮನ್ನು ಅವರು ಇಬ್ಬರಿಗೆ ಅರ್ಪಿಸಿದ್ದಾರೆ. ಒಬ್ಬ ಆ ಚಳವಳಿಯ ಗೆರಿಟ್ ರೀಟ್‌ವೆಲ್ಡ್, ಕುರ್ಚಿ ಮತ್ತು ಮನೆಗಳ ವಿನ್ಯಾಸಗಾರ. ಇನ್ನೊಬ್ಬ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್, ಹಳೆಯ ಬ್ಲೂಸ್ ಗಾಯಕ. ಒಂದು ಗಿಟಾರ್ ಹಿಡಿದು ಒಬ್ಬನೇ ಕೂತು ಹಾಡಿದವನು ಆತ, ಅವನ ಹಾಡಿನಲ್ಲಿ ಏನೂ ಕಮ್ಮಿ ಅನ್ಸಲ್ಲ. ಈ ಎರಡು ಹೆಸರನ್ನು ಪಕ್ಕಪಕ್ಕ ಇಟ್ಟರೆ ಇವರ ತಲೆಯಲ್ಲಿ ಏನಿತ್ತು ಅಂತ ಅರ್ಥ ಆಗುತ್ತೆ.

2003ರ ಎಲಿಫೆಂಟ್ ಆಲ್ಬಮ್‌ನಲ್ಲಿ ಈ ಹಟ ಇನ್ನೂ ಜಾಸ್ತಿ. ಲಂಡನ್ನಿನ ಟೋ ರ‍್ಯಾಗ್ ಅನ್ನೋ ಸಣ್ಣ ಸ್ಟುಡಿಯೋದಲ್ಲಿ, ಎಂಟು ಟ್ರ್ಯಾಕಿನ ಹಳೇ ಟೇಪ್ ಯಂತ್ರದಲ್ಲಿ ಹೆಚ್ಚಿನ ಹಾಡು ಹಿಡಿದರು. ಬರೆಯೋದರಿಂದ ಹಿಡಿದು ಮಿಕ್ಸಿಂಗ್ ತನಕ ಎಲ್ಲೂ ಕಂಪ್ಯೂಟರ್ ಮುಟ್ಟಿಲ್ಲ ಅಂತ ಆಲ್ಬಮ್ ಮೇಲೇ ಬರೆದಿದ್ದಾರೆ. ಅದರ ಮೊದಲ ಹಾಡು ಸೆವೆನ್ ನೇಷನ್ ಆರ್ಮಿ. ಇಂಗ್ಲಿಷ್ ಹಾಡು ಕೇಳದವರಿಗೂ ಅದರ ರಾಗ ಗೊತ್ತಿರುತ್ತೆ, ಬೇಕಿದ್ದರೆ ಫುಟ್‌ಬಾಲ್ ಮ್ಯಾಚ್ ಹಾಕಿ ನೋಡಿ. ಅದೇ ವರ್ಷ ಬೆಲ್ಜಿಯಮ್ಮಿನ ಕ್ಲಬ್ ಬ್ರೂಗ ತಂಡದ ಅಭಿಮಾನಿಗಳು ಮಿಲಾನ್‌ಗೆ ಹೋದಾಗ ಅದನ್ನು ಕೂಗಾಡಿ ಹಾಡಿದರು, 2006ರ ವಿಶ್ವಕಪ್ ಹೊತ್ತಿಗೆ ಇಟಲಿಯವರ ಬಾಯಲ್ಲೆಲ್ಲ ಅದೇ. ಏಳೇ ಸ್ವರ. ಶುರುವಿನಲ್ಲಿ ಕೇಳೋದು ಬೇಸ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಗಿಟಾರೇ, ದನಿ ಬದಲಿಸುವ ಪೆಡಲ್ ಒತ್ತಿ ಒಂದು ಸಪ್ತಕ ಕೆಳಗೆ ಇಳಿಸಿದ್ದು. ಬೇಸ್ ಇಲ್ಲ ಅನ್ನೋ ನಿಯಮ ಇತ್ತಲ್ಲ, ಅದರಿಂದಲೇ ಆ ದನಿ ಹುಟ್ಟಿದ್ದು ಅಂತ ನಾನು ನಂಬಿದ್ದೇನೆ.

ಈಗ ಮೆಗ್ ವಿಷಯ. ಇದನ್ನು ಬರೆಯೋಕೇ ಇಷ್ಟೆಲ್ಲ ಹೇಳಿದ್ದು.

ನನ್ನ ಅಕ್ಕನ ಮಗ ಇಲ್ಲೇ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಡ್ರಮ್ಸ್ ಹುಚ್ಚು ಹುಡುಗ. ನಮ್ಮ ಮಹಡಿ ಮೇಲಿನ ಶೀಟಿನ ಕೋಣೆಯಲ್ಲಿ ಅವನ ಡ್ರಮ್ ಸೆಟ್ ಇದೆ. ಸೆವೆನ್ ನೇಷನ್ ಆರ್ಮಿ ಕೇಳಿಸಿದ್ದಕ್ಕೆ, "ಮಾವ, ಇವ್ಳು ಬರೀ ಡುಬ್ ಡುಬ್ ಅಂತ ಹೊಡೀತಾಳಲ್ಲ, ಒಂದು ರೋಲ್ ಕೂಡ ಇಲ್ಲ, ಇಷ್ಟಕ್ಕೆ ಇಷ್ಟೊಂದು ಹೆಸರಾ?" ಅಂದ. ರೋಲ್ ಅಂದರೆ ಎಡಬಿಡದೆ ಪಟಪಟ ಹೊಡೆಯೋದು. "ಸರಿ ಮಾರಾಯ, ಅದನ್ನೇ ಹಾಡು ಮುಗಿಯೋ ತನಕ ಹೊಡಿ ನೋಡೋಣ" ಅಂದೆ. ಕೂತ. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೇ ಸಾಲಿಗೆ ಕೈ ತಡೀಲಿಲ್ಲ, ಸಿಂಬಲ್ ಅನ್ನೋ ಲೋಹದ ತಟ್ಟೆ ಸೇರಿಸಿದ. ಆಮೇಲೆ ನಡುವೆ ಒಂದು ರೋಲ್. ಅಷ್ಟೇ, ಹಾಡು ಹೋಯ್ತು, ಏನೋ ಮಾಮೂಲಿ ಆರ್ಕೆಸ್ಟ್ರಾ ಕೇಳಿದ ಹಾಗಾಯಿತು. ಮೆಗ್ ಅಲ್ಲಿ ಕಿಕ್ಕು (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಮತ್ತೆ ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲಿಸುವ ಡ್ರಮ್) ಎರಡನ್ನೇ ಹಿಡಿದು ತಡೆದು ತಡೆದು ಇಟ್ಟಿರುತ್ತಾಳೆ, ಹಾಗಾಗಿ ಗಿಟಾರ್ ಜೋರಾದಾಗ ಅವಳ ಸಿಂಬಲ್ ಬಿದ್ದರೆ ಎದೆಗೇ ಬಂದು ಹೊಡೆದ ಹಾಗಿರುತ್ತೆ. ಮೊದಲೇ ಖರ್ಚು ಮಾಡಿಬಿಟ್ಟರೆ ಆ ಏಟು ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಮಳೆ ಶುರುವಾಯ್ತು. ಆಷಾಢದ ಮಳೆ, ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿದ್ದವರ ಮಾತೂ ಕೇಳಲ್ಲ. ಅವನ ಸಣ್ಣ ಕೆಲಸ ಎಲ್ಲಾ ಆ ಸದ್ದಿನಲ್ಲಿ ಮುಳುಗಿಹೋಯ್ತು, ಕಿಕ್ಕು ಮತ್ತೆ ಟಾಮ್ ಮಾತ್ರ ಕೇಳುತ್ತಿತ್ತು. ಅವನಿಗೇ ಗೊತ್ತಾಗಿ ಉಳಿದದ್ದನ್ನು ಬಿಟ್ಟು ಅವೆರಡನ್ನೇ ಹೊಡೆಯತೊಡಗಿದ. ಆಗ ಸರಿಹೋಯ್ತು.

ಇನ್ನೊಂದು ವಿಷಯ ಜನ ಗಮನಿಸಲ್ಲ. ಇವರ ಕಛೇರಿಗಳಲ್ಲಿ ಹಾಡುಗಳ ಪಟ್ಟಿ ಇರುತ್ತಿರಲಿಲ್ಲ. ಜ್ಯಾಕ್ ಮನಸ್ಸಿಗೆ ಬಂದ ಹಾಡು ಎತ್ತಿಕೊಳ್ಳುತ್ತಿದ್ದ, ಅರ್ಧಕ್ಕೆ ಬಿಟ್ಟು ಬೇರೆಯದಕ್ಕೆ ಹಾರುತ್ತಿದ್ದ. ಮೆಗ್ ಅವನನ್ನೇ ನೋಡುತ್ತಾ ಕೂತು ಎಲ್ಲಿ ಬೇಕೋ ಅಲ್ಲಿ ಹಿಡಿಯಬೇಕು. ವೇಗ ಏರುತ್ತೆ, ಇಳಿಯುತ್ತೆ, ಅದು ತಪ್ಪಲ್ಲ, ಅದು ಇಬ್ಬರ ಉಸಿರು ಒಟ್ಟಿಗೆ ಏರಿಳಿಯೋದು. ಆದರೂ ಅವಳಿಗೆ ಡ್ರಮ್ಸೇ ಬರಲ್ಲ ಅಂತ ಬರೆದವರು ಎಷ್ಟು ಜನವೋ. 2023ರಲ್ಲೂ ಒಬ್ಬ ಪತ್ರಕರ್ತ ಹಾಗೇ ಬರೆದು, ಆಮೇಲೆ ಕ್ಷಮೆ ಕೇಳಿದ. ಡ್ರಮ್ಮರ್ ಕ್ವೆಸ್ಟ್‌ಲವ್ ಅವಳ ಪರ ನಿಂತ, ಜ್ಯಾಕ್ ಅವಳಿಗಾಗಿ ಒಂದು ಪದ್ಯವನ್ನೇ ಬರೆದ. ಮೆಗ್ ಮಾತ್ರ ಒಂದು ಮಾತೂ ಆಡಲಿಲ್ಲ. ಅವಳು ಯಾವಾಗಲೂ ಹಾಗೇ.

ತಾವು ಅಕ್ಕ ತಮ್ಮ ಅಂತ ಅವರು ಹೇಳಿಕೊಳ್ಳುತ್ತಿದ್ದ ಕಥೆಯನ್ನೂ ಇದೇ ಕಣ್ಣಿನಿಂದ ನೋಡಬೇಕು ಅಂತ ನನಗನ್ನಿಸುತ್ತೆ. ಅವರು ಮದುವೆಯಾಗಿದ್ದು 1996ರಲ್ಲಿ, ಬೇರೆಯಾಗಿದ್ದು 2000ದಲ್ಲಿ. ಜ್ಯಾಕ್ ತನ್ನ ಗಿಲ್ಲಿಸ್ ಅನ್ನೋ ಮನೆತನದ ಹೆಸರು ಬಿಟ್ಟು ಹೆಂಡತಿಯ ವೈಟ್ ಇಟ್ಟುಕೊಂಡವನು. ಗಂಡ ಹೆಂಡತಿ ಅಂದರೆ ಜನ ಸಂಸಾರದ ಕಥೆ ಹುಡುಕುತ್ತಾರೆ, ಒಡಹುಟ್ಟಿದವರು ಅಂದರೆ ಹಾಡು ಕೇಳುತ್ತಾರೆ ಅನ್ನೋ ಅರ್ಥದಲ್ಲಿ ಅವನೇ ಒಮ್ಮೆ ಹೇಳಿದ್ದಾನೆ. ಮದುವೆ, ವಿಚ್ಛೇದನದ ಕಾಗದಪತ್ರ ಹೊರಗೆ ಬಂದಮೇಲೂ ಕಥೆ ಬಿಡಲಿಲ್ಲ. ಬೇಡದ್ದನ್ನು ಹೊರಗಿಡೋದಕ್ಕೆ ಅದೂ ಒಂದು ಗೆರೆ, ಅಲ್ವಾ?

2007ರಲ್ಲಿ ಮೆಗ್‌ಗೆ ತೀವ್ರ ಆತಂಕದ ಸಮಸ್ಯೆಯಾಗಿ ಪ್ರವಾಸ ನಿಂತಿತು. 2011ರ ಫೆಬ್ರವರಿಯಲ್ಲಿ ಬ್ಯಾಂಡ್ ಮುಗಿಯಿತು ಅಂತ ಇಬ್ಬರೂ ಹೇಳಿದರು. 2025ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಜ್ಯಾಕ್ ಮಾತ್ರ ವೇದಿಕೆಗೆ ಹೋದ. ಮೆಗ್ ಬಂದಿರಲಿಲ್ಲ. ಬರಲೇಬೇಕು ಅಂತ ನಾವು ಕೇಳೋದೂ ಸರಿಯಲ್ಲ, ಕೊಡಬೇಕಾದ್ದನ್ನು ಕೊಟ್ಟಾಗಿದೆ.

ಹೊಸದಾಗಿ ಕೇಳೋರು ಎಲಿಫೆಂಟ್‌ನಿಂದ ಶುರು ಮಾಡಿ, ಆಮೇಲೆ 1999ರ ಮೊದಲ ಆಲ್ಬಮ್‌ಗೆ ಹಿಂದಕ್ಕೆ ಹೋಗಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಕಿಕ್ಕೇ ಕೇಳಲ್ಲ.